ಒಲೆಯೊಳಗೆ ಕೂತಿದ್ದವಳು

ನೀರು ಗುಳುಗುಳು ಅನ್ನುತ್ತಿದೆ, ಕ್ಯಾನಿನ ಕತ್ತು ಸಣ್ಣದು, ಗಾಳಿ ಒಳಗೆ ಹೋಗದೆ ನೀರು ಹೊರಗೆ ಬರುವುದಿಲ್ಲ, ಒಂದು ಗುಕ್ಕು ಬರುತ್ತದೆ, ನಿಲ್ಲುತ್ತದೆ, ಮತ್ತೊಂದು ಗುಕ್ಕು, ಬಿಕ್ಕಿದ ಹಾಗೆ — ಛೆ, ಬಿಕ್ಕಿದ ಹಾಗೆ ಯಾಕೆ, ನೀರು ನೀರಿನ ಹಾಗೇ ಬರುತ್ತಿದೆ ಅಂದುಕೊಂಡಳು ಚಿಕ್ಕತಾಯಿ, ಬೆಳಿಗ್ಗೆ ತಾನೇ ನರಸೀಪುರದ ಸಂಗಮದ ಮೆಟ್ಟಿಲಲ್ಲಿ ಬಗ್ಗಿ ತುಂಬಿಸಿದ ನೀರು, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ನಂಜನಗೂಡಿನ ಈ ಶೆಡ್ಡಿನವರೆಗೆ ತಂದದ್ದು, ಸೀರೆಯ ಮಡಿಲು ಇನ್ನೂ ತಣ್ಣಗಿದೆ. ಮೇಸ್ತ್ರಿ ಮಾದು ಹಳೇ ಉಗಿ ರೈಲಿನ ಇಂಜಿನ್ನಿನ ಪಕ್ಕೆಯ ತೊಟ್ಟಿಗೆ ಕ್ಯಾನು ಬಗ್ಗಿಸಿ ಹಿಡಿದಿದ್ದಾನೆ, ಸಾಕು ಮಾದಣ್ಣ, ಒಂದು ಚೊಂಬು ಅಂತ ಮಾತಾಗಿತ್ತಲ್ವಾ, ಹೊಳೆ ನೀರಲ್ಲಿ ಮಣ್ಣಿರುತ್ತೆ, ಬಾಯ್ಲರ್ ಒಳಗೆ ಪದರ ಕಟ್ಟುತ್ತೆ ಅಂತ ಸಿಂಧು ಮೇಡಮ್ಮು ಕೂಗುತ್ತಿದ್ದಾಳೆ, ಈ ಗುಜರಿಯನ್ನು ಮತ್ತೆ ಓಡಿಸಿಯೇ ತೀರುತ್ತೇನೆ ಎಂದು ಮೈಸೂರಿನಿಂದ ಬಂದು ಕೂತ ಇಂಜಿನಿಯರ್ ಹುಡುಗಿ, ಇರ್ಲಿ ಬುಡಿ ಮೇಡಮ್ಮು, ಮೂರು ಹೊಳೆ ಸೇರೋ ನೀರು, ನಿಮ್ ಫಿಲ್ಟರ್ ನೀರಿಗಿಂತ ಪವರ್ ಜಾಸ್ತಿ, ಎಲ್ಲರೂ ನಗುತ್ತಾರೆ, ಚಿಕ್ಕತಾಯಿಯೂ ನಕ್ಕಳು, ನಗು ಬಂತಲ್ಲ, ಹೇಗೆ ಬಂತು. ಈ ನೀರು ತುಂಬುತ್ತಿದ್ದಾಗಲೇ ಅಲ್ಲವೇ ಸೊಂಟದ ಚೀಲದಲ್ಲಿ ಫೋನು ಬಡಿದುಕೊಂಡದ್ದು, ಗೊತ್ತಿಲ್ಲದ ನಂಬರು, ಒಂದು ಕೈಯಲ್ಲಿ ಮುಳುಗಿದ ಕ್ಯಾನು, ಇನ್ನೊಂದು ಕೈಯಲ್ಲಿ ಆ ದನಿ, ಅಕ್ಕಾ, ದೊಡ್ಡಸ್ವಾಮಿಯವರ ಮನೆಯವರಾ, ನಾನು ರಾಣಿ ಅಂತ, ಸಿದ್ದಾಪುರದ ಕಾಫಿ ತೋಟದಿಂದ, ನಾನು ಯಾರು ಅಂತ ನಿಮಗೆ ಗೊತ್ತಿರುತ್ತೆ, ಗೊತ್ತಿಲ್ಲದಿದ್ರೂ ಈಗ ಗೊತ್ತಾಗ್ಲಿ, ಅವರು ಹೋಗ್ಬಿಟ್ರು ಅಕ್ಕ, ನಿನ್ನೆ ರಾತ್ರಿ ಎದೆ ನೋವು ಅಂದ್ರು, ಜೀಪು ಬರೋದ್ರೊಳಗೆ — ದೊಡ್ಡಸ್ವಾಮಿ, ಎಷ್ಟು ಸಲೀಸಾಗಿ ಹೇಳಿದಳು ಹೆಸರನ್ನು, ತೋಟದಲ್ಲಿ ಕೂಲಿಯವರನ್ನು ಕೂಗುವ ಹಾಗೆ, ಕಟ್ಟಿಕೊಂಡ ತಾನು ಇಷ್ಟು ವರ್ಷದಲ್ಲಿ ನಾಲ್ಕು ಜನರ ಎದುರು ಒಂದು ಸಲವೂ ಆಡದ ಹೆಸರು.

ಅವರು ಹೋದರು ಅಂದರೆ ಯಾರು ಹೋದರು, ಅವರು ಹೋಗಿ ವರ್ಷಗಳೇ ಆದವಲ್ಲ, ನರಸೀಪುರದ ಅಕ್ಕಿ ಗಿರಣಿಯಲ್ಲಿ ಬಾಯ್ಲರಿಗೆ ಹೊಟ್ಟು ಹಾಕುತ್ತಿದ್ದವರು ಒಂದು ಸಂಜೆ ಟಿಫನ್ ಕ್ಯಾರಿಯರ್ ಗಿರಣಿಯಲ್ಲೇ ಬಿಟ್ಟು ಹೊರಟುಹೋದರು, ಕ್ಯಾರಿಯರ್ ಮಾತ್ರ ಮನೆಗೆ ಬಂತು, ಕೊಡಗಿನ ಕಡೆ ಇದ್ದಾನಂತೆ, ಯಾರನ್ನೋ ಇಟ್ಟುಕೊಂಡಿದ್ದಾನಂತೆ, ಸುದ್ದಿ ಬರುತ್ತಿತ್ತು ಹೋಗುತ್ತಿತ್ತು, ತಾನು ಮಾತ್ರ ಫೋನಿನ ನಂಬರು ಬದಲಾಯಿಸಲಿಲ್ಲ, ಫೋನು ಮೂರು ಬದಲಾದವು, ನಂಬರು ಅದೇ, ಯಾಕೆ ಎಂದು ಕೇಳಿದವರಿಗೆ ಗ್ಯಾಸಿಗೆ ಅದೇ ನಂಬರ್ ಕೊಟ್ಟಿದ್ದೀನಿ ಅನ್ನುತ್ತಿದ್ದಳು. ಆ ನಂಬರಿಗೆ ಅವರು ಮಾಡಲಿಲ್ಲ, ಅವರು ಸತ್ತ ಮೇಲೆ ಇವಳು ಮಾಡಿದಳು. ಹಾಗಾದರೆ ಅವರ ಫೋನಿನಲ್ಲಿ ತನ್ನ ನಂಬರು ಇತ್ತು, ಇಟ್ಟುಕೊಂಡಿದ್ದರು, ಇಟ್ಟುಕೊಂಡು ಮಾಡಲಿಲ್ಲ — ಇದಕ್ಕೆ ಅಳಬೇಕೋ ಬೈಯಬೇಕೋ. ಅಳು ಬರಲಿಲ್ಲ, ಕ್ಯಾನು ತುಂಬಿ ಭಾರವಾಗಿ ಕೈ ಎಳೆಯುತ್ತಿತ್ತು, ರಾಣಿ ಇನ್ನೂ ಮಾತಾಡುತ್ತಿದ್ದಳು, ಅಕ್ಕ ಒಂದು ಕೇಳ್ಬೇಕಿತ್ತು, ಬೈಯಬೇಡಿ, ಇಲ್ಲಿನವರು ಸುಡಬೇಕು ಅಂತಾರೆ, ತೋಟದವರು ಸೌದೆ ಕೊಟ್ಟಿದಾರೆ, ಜೋಡಿಸಿಟ್ಟಿದಾರೆ, ನನಗೆ ಅವರ ಕಡೆ ಪದ್ಧತಿ ಗೊತ್ತಿಲ್ಲ, ಯಾವತ್ತೂ ಕೇಳಲಿಲ್ಲ, ಬದುಕಿರೋರನ್ನ ಇದೆಲ್ಲ ಯಾರು ಕೇಳ್ತಾರೆ, ನಿಮ್ಮ ಕಡೆ ಸುಡೋದಾ, ಹೂಳೋದಾ? ಸುಡೋದಾ ಹೂಳೋದಾ — ಎಲೆ ಮೇಲೆ ಪಲ್ಯ ಬೇಕಾ ಸಾಕಾ ಅಂದ ಹಾಗೆ. ಆಮೇಲೆ ಹೇಳ್ತೀನಿ ಅಂದುಬಿಟ್ಟಳು. ಆಮೇಲೆ ಅಂದರೆ ಯಾವಾಗ. ಬಸ್ಸು ಬಂತು, ಹತ್ತಿದಳು, ಟಿಕೇಟಿನವನು ನೀರಿಗೆ ಲಗೇಜ್ ಆಗುತ್ತೆ ಅಂತ ತಮಾಷೆ ಮಾಡಿದ, ನೀರು ತೊಡೆಯ ಮೇಲೆ ಅಲುಗುತ್ತಾ ಕೂತಿತ್ತು.

ಹಿಂದಕ್ಕೆ ಹೋಗಿ ಅತ್ತೆಗೆ ಹೇಳಬೇಕಿತ್ತು. ಸೋಸಲೆಯ ಮನೆಯ ಜಗಲಿಯಲ್ಲಿ ಸಾಕಮ್ಮ ಕಾಲು ಚಾಚಿ ಕೂತಿರುತ್ತಾಳೆ, ದಿನಾ ಸಂಜೆ ಬಸ್ಸಿಳಿದು ಬರುವ ಸೊಸೆಯನ್ನು ಮೊದಲು ಕೇಳುವ ಮಾತು, ಏನಾರ ಸುದ್ದಿ ಬಂತವ್ವ, ಇಲ್ಲ ಕನತ್ತೆ, ಅಷ್ಟೇ, ಆಮೇಲೆ ಇಬ್ಬರೂ ಸೊಪ್ಪು ಸೋಸುವುದು. ಇವತ್ತು ಬೆಳಗಿನಲ್ಲೇ ಸುದ್ದಿ ಬಂದಿದೆ, ಹೆತ್ತವಳಿಗೆ ಗೊತ್ತಿಲ್ಲ, ಮಗ ಸಿದ್ದಾಪುರದ ಕೂಲಿಯವರ ಲೈನ್ ಮನೆಯ ನೆಲದ ಮೇಲೆ ಮಲಗಿದ್ದಾನೆ, ಮೂಗಿಗೆ ಹತ್ತಿ ಇಟ್ಟಿರುತ್ತಾರೆ, ಕಟ್ಟಿಕೊಂಡವಳು ಇಲ್ಲಿ ಹೊಸ ಸೀರೆಯುಟ್ಟು, ಮಲ್ಲಿಗೆ ಮುಡಿದು — ಮಲ್ಲಿಗೆ, ಬೆಳಿಗ್ಗೆ ಮುಡಿದದ್ದು ಸುದ್ದಿಗೆ ಮುಂಚೆ, ತೆಗೆಯಬೇಕಿತ್ತು, ತೆಗೆದರೆ ಕೇಳುತ್ತಿದ್ದರು, ತಲೆಯ ಹಿಂದೆ ಭಾರ, ಒಂದು ಮೊಳ ಹೂವು ಇಷ್ಟು ಭಾರವಿರುತ್ತದೆಯೇ. ಯಾಕೆ ಬಂದೆ ಇಲ್ಲಿಗೆ, ಯಾವ ಹೆಂಗಸು ಬರುತ್ತಾಳೆ, ಕಾಲು ತಾನಾಗಿ ಬಂತು ಅಂದರೆ ಯಾರು ನಂಬುತ್ತಾರೆ, ಕಾಲು ತಾನಾಗಿಯೇ ಬಂತು, ದಿನಾ ಬರುವ ಕಾಲು, ಇವತ್ತು ಬರದಿದ್ದರೆ ಬೇರೆ ಯಾರಾದರೂ ಇಂಜಿನ್ನಿನ ಮೊದಲ ಬೆಂಕಿ ಹಚ್ಚುತ್ತಾರೆ ಅಂತ ಅದಕ್ಕೂ ಗೊತ್ತಿತ್ತೋ ಏನೋ.

ಏಕೆಂದರೆ ಇದು ತನ್ನ ಒಲೆ. ಬಾಯಿಬಿಟ್ಟು ಯಾರಿಗೂ ಹೇಳಿಲ್ಲ, ಆದರೆ ತನ್ನದು. ನಾಲೆ ತೋಡುವ ಕಾಲದಲ್ಲಿ ಈ ಇಂಜಿನ್ನು ಕಲ್ಲು ಎಳೆಯುತ್ತಿತ್ತಂತೆ, ಎರಡೇ ಅಡಿ ಅಗಲದ ಹಳಿಯ ಮೇಲೆ, ಎತ್ತಿನ ಗಾಡಿಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಆಮೇಲೆ ಯಾವುದೋ ಇಟ್ಟಿಗೆ ಗೂಡಿನ ಹಿಂದೆ ಪೊದೆಯೊಳಗೆ ಬಿದ್ದಿತ್ತು, ಲಾರಿಯಲ್ಲಿ ಬಂದ ದಿನ ಚಿಮಣಿಯಿಂದ ಗುಬ್ಬಿಗೂಡು ಉದುರಿತು, ಹೊಟ್ಟೆಯಲ್ಲಿ ಹಾವಿನ ಪೊರೆ, ಅದನ್ನೆಲ್ಲ ಗುಡಿಸಿದವಳು ತಾನು, ಆಗ ಶೆಡ್ಡು ಗುಡಿಸುವ ಕೆಲಸ ತನ್ನದು. ಒಳಗಿನ ಬೆಂಕಿಗೂಡಿನ ಬೋಲ್ಟುಗಳೆಲ್ಲ ಸವೆದುಹೋಗಿದ್ದವು, ಹೊಸ ತಾಮ್ರದ ಬೋಲ್ಟು ಹಾಕಿ ಎರಡೂ ಕಡೆ ಬಡಿಯಬೇಕು, ಹೊರಗಿನಿಂದ ಒಬ್ಬರು ಸುತ್ತಿಗೆಯಲ್ಲಿ ಹೊಡೆಯುವಾಗ ಒಳಗಿನಿಂದ ಒಬ್ಬರು ಕಬ್ಬಿಣದ ದಿಮ್ಮಿ ಒತ್ತಿ ಹಿಡಿಯಬೇಕು, ಒಳಗೆ ಹೋಗುವ ದಾರಿ ಸೌದೆ ಹಾಕುವ ಆ ಬಾಯಿ ಒಂದೇ. ಮಾದು ನುಗ್ಗಲು ಹೋಗಿ ಭುಜ ಸಿಕ್ಕಿಹಾಕಿಕೊಂಡು ಅರ್ಧ ಒಳಗೆ ಅರ್ಧ ಹೊರಗೆ ನೇತಾಡಿದ, ಗ್ರೀಸು ಸವರಿ ಕಾಲು ಹಿಡಿದು ಎಳೆದರು, ಹೊರಗೆ ಬಂದವನು ಮುಖ ಒರೆಸಿಕೊಂಡು, ಇದೇನು ನಮ್ಮಂಥೋರು ಓಗೋ ಒಲೆ ಅಲ್ಲ ಕನ್ರಪ್ಪ, ಒಲೆ ಅಂದ್ರೆ ಎಂಗಸ್ರುದು, ಲೇ ಚಿಕ್ಕತಾಯಿ, ನೀನು ನುಗ್ಗು ನೋಡವ ಅಂದ, ತಮಾಷೆಗೆ ಅಂದದ್ದು, ತಾನು ಪೊರಕೆ ಕೆಳಗಿಟ್ಟು ಸೆರಗು ಬಿಗಿದು ನುಗ್ಗಿಬಿಟ್ಟಳು. ಹುಟ್ಟಿದಾಗ ಇಲಿಮರಿಯ ಹಾಗಿದ್ದಳಂತೆ, ಅದಕ್ಕೇ ಚಿಕ್ಕತಾಯಿ, ಈ ಮೈ ಹೊತ್ತದ್ದಕ್ಕೆ ಎಲ್ಲರೂ ಕನಿಕರಪಟ್ಟವರೇ, ಮೊದಲ ಸಲ ಅದು ಒಂದು ಕೆಲಸಕ್ಕೆ ಒದಗಿತು. ಒಳಗೆ ಕತ್ತಲು, ಮಂಡಿ ಮಡಚಿ ಕೂತರೆ ಗದ್ದ ಮಂಡಿಗೆ ತಾಕುತ್ತದೆ, ಕಿವಿಗೆ ಹತ್ತಿ, ಅದರ ಮೇಲೆ ಬಟ್ಟೆ, ಆದರೂ ಹೊರಗೆ ಸುತ್ತಿಗೆ ಬಿದ್ದರೆ ಹಲ್ಲು ಅಲ್ಲಾಡುತ್ತದೆ, ದಿಮ್ಮಿ ಕೈಯನ್ನು ಒದೆಯುತ್ತದೆ, ಅಂಥ ಸದ್ದು, ಅದರೊಳಗೆ ಏನು ಕೂಗಿದರೂ ತನಗೇ ಕೇಳಿಸುವುದಿಲ್ಲ, ಅದು ಗೊತ್ತಾದ ದಿನ ತಾನು ಕೂಗಿದಳು, ದೊಡ್ಡಸ್ವಾಮಿ ಎಂದು, ಮೊದಲು ಮೆಲ್ಲಗೆ, ಆಮೇಲೆ ಗಂಟಲು ಹರಿಯುವ ಹಾಗೆ, ಲೋ ದೊಡ್ಡಸ್ವಾಮಿ, ಎಲ್ಲಿದ್ದೀಯೋ, ಹಾಳಾಗಿಹೋಗು, ಬಾರೋ, ಸುತ್ತಿಗೆ ನಿಂತರೆ ತಾನೂ ನಿಲ್ಲಿಸುವುದು, ಹೊರಗೆ ಬಂದರೆ ಮಾದು ಏನವ ಬೆವರಿಬುಟ್ಟಿದ್ದೀಯ ಎಂದು ನೀರು ಕೊಡುವುದು. ಆ ಮಳೆಗಾಲವೆಲ್ಲ ಕೂಗಿದಳು. ಅದು ಅಲ್ಲಿಗೆ ಮುಟ್ಟಿತೇ, ಅದಕ್ಕೇ ಎದೆ ನೋವು ಬಂತೇ — ಹುಚ್ಚು ಯೋಚನೆ, ಕೂಗಿದ್ದು ಹೋದ ವರ್ಷ, ಸತ್ತದ್ದು ನಿನ್ನೆ, ಇಷ್ಟು ನಿಧಾನವಾಗಿ ಯಾವ ಕೂಗೂ ಹೋಗುವುದಿಲ್ಲ.

ಕೆಲಸ ಮುಗಿದು ಬಾಯ್ಲರ್ ನೋಡುವ ಸಾಹೇಬರು ಬಂದು ನೀರು ತುಂಬಿಸಿ ಒತ್ತಡ ಕೊಟ್ಟು ಟಾರ್ಚು ಬಿಟ್ಟುಕೊಂಡು ನೋಡಿದರು, ಒಂದು ಬೋಲ್ಟೂ ಒಸರಲಿಲ್ಲ, ಆವತ್ತು ಸಿಂಧು ತನ್ನನ್ನು ತಬ್ಬಿಕೊಂಡಳು, ಮೊದಲ ಬೆಂಕಿ ನೀವೇ ಹಚ್ಚಬೇಕು ಅಕ್ಕ, ಒಳಗೆ ಕೂತು ಮಾಡಿದ್ದು ನೀವು. ಪೂಜೆಗೆ ಕರೆದ ಭಟ್ಟರು ಮುತ್ತೈದೆ ಕೈಯಲ್ಲಿ ಆಗಬೇಕು ಅಂದರು, ಮುತ್ತೈದೆ ಅಂದ ಕೂಡಲೇ ಶೆಡ್ಡಿಗೆ ಟೀ ತರುವ ಮಂಗಳಮ್ಮ ಬಾಯಿ ಹಾಕಿದಳು, ಗಂಡ ಓಡೋದೋಳು ಮುತ್ತೈದೆ ಆಯ್ತಾಳಾ ಸ್ವಾಮೇರ, ಬೈಯಲು ಅಂದದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು, ಭಟ್ಟರು ಕನ್ನಡಕ ತೆಗೆದು ಒರೆಸಿದರು, ಸತ್ತ ಸುದ್ದಿ ಬರೋವರೆಗೆ ಇದ್ದಾನೆ ಅಂತಲೇ ಲೆಕ್ಕ ಕಣಮ್ಮ. ಇದ್ದಾನೆ ಅಂತಲೇ ಲೆಕ್ಕ. ಆ ಮಾತಿಗೆ ಆವತ್ತು ಎದೆಗೆ ತಂಪಾಗಿತ್ತು, ಕೊರಳಿಗೆ ಕೈ ಹೋಗಿತ್ತು. ಆ ಲೆಕ್ಕ ಬೆಳಿಗ್ಗೆ ಮುಗಿದಿದೆ, ಬಲ್ಲವಳು ತಾನೊಬ್ಬಳೇ. ಹೇಳಿದರೆ ಒಲೆ ಹಚ್ಚುವ ಸಲಿಕೆ ಮಂಗಳಮ್ಮನ ಕೈಗೆ ಹೋಗುತ್ತದೆ, ಗಂಡ ಇರುವವಳು, ಕುಡಿದು ಬಿದ್ದಿದ್ದರೂ ಇದ್ದಾನಲ್ಲ, ಒಂದು ದಿನವೂ ಒಳಗೆ ಇಣುಕಿ ನೋಡದವಳು ಬೆಂಕಿ ಹಾಕುತ್ತಾಳೆ. ಹೇಳದಿದ್ದರೆ — ಹೇಳದೆ ಹಚ್ಚಿ ನಾಳೆ ಇಂಜಿನ್ನಿಗೆ ಏನಾದರೂ ಆದರೆ, ಓಡಿಸುವ ಮಾದುವಿಗೆ ಏನಾದರೂ ಆದರೆ, ಇದನ್ನೆಲ್ಲ ತಾನು ನಂಬುತ್ತಾಳೆಯೇ, ನಂಬುವುದಿಲ್ಲ, ಪೂರ್ತಿ ನಂಬದೆ ಇರಲೂ ಆಗುವುದಿಲ್ಲ, ಬೆನ್ನ ಹಿಂದೆ ಯಾರೋ ನಿಂತ ಹಾಗೆ. ಅಲ್ಲಿ ಸೌದೆ ಜೋಡಿಸಿಟ್ಟಿದ್ದಾರೆ, ಇಲ್ಲಿಯೂ ಸೌದೆ ಜೋಡಿಸಿಟ್ಟಿದೆ, ತಾನೇ ಬೆಳಿಗ್ಗೆ ಬಂದವಳು ಜಾಲರಿಯ ಮೇಲೆ ಅಡ್ಡಡ್ಡ ಉದ್ದುದ್ದ ಒಟ್ಟಿದ್ದು, ಒಣಗಿದ ಸರ್ವೆ ಸೌದೆ, ಒಟ್ಟುವಾಗ ಕೈ ನಿಂತಿತು, ಇದು ಯಾವುದರ ಸೌದೆ. ಸುಡೋದಾ ಹೂಳೋದಾ. ತಮ್ಮಲ್ಲಿ ಹೂಳುವುದು, ಮಾವನನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದು, ಅದರಲ್ಲಿ ಗೊಂದಲವೇನಿದೆ, ಒಂದು ಮಾತಿನ ಉತ್ತರ, ಆದರೆ ಆ ಉತ್ತರ ಹೇಳುವ ಹೆಂಗಸು ಯಾರು, ಹೆಂಡತಿಯೇ, ವಿಧವೆಯೇ, ಬರೀ ಊರಿನ ಪದ್ಧತಿ ಬಲ್ಲ ಯಾರೋ ಒಬ್ಬಳೇ. ಗಿರಣಿಯ ಬಾಯ್ಲರ್ ಮುಂದೆ ಕೂತು ಬೀಡಿ ಸೇದುತ್ತಾ ಅವರು ಒಮ್ಮೆ ಅಂದಿದ್ದರು, ನಾನು ಸತ್ರೆ ಇದ್ರೊಳಕ್ಕೆ ತಳ್ಬುಡಿ ಕಣೆ, ಅಕ್ಕಿನಾದ್ರೂ ಬೇಯ್ಲಿ, ತಾನು ಥೂ ಅಂದು ಊಟದ ಬುತ್ತಿ ಕುಕ್ಕಿದ್ದಳು. ತಮಾಷೆಯನ್ನು ಕೊನೆಯ ಆಸೆ ಅನ್ನಬಹುದೇ. ಪದ್ಧತಿಯ ಮಾತು ಹೇಳಲೋ, ಅವರ ಮಾತು ಹೇಳಲೋ, ತನ್ನದಾಗಿ ಒಂದು ಮಾತೂ ಇಲ್ಲವಲ್ಲ.

ಬನ್ನಿ ತಾಯಿ, ರಾಹುಕಾಲ ಹತ್ತಿರ ಬಂತು, ಭಟ್ಟರು ಕರೆಯುತ್ತಿದ್ದಾರೆ, ಚಿಮಣಿಗೆ ಚೆಂಡುಹೂವಿನ ಹಾರ, ಗಾಲಿಗಳ ಕೆಳಗೆ ನಿಂಬೆಹಣ್ಣು, ಇಂಜಿನ್ನಿನ ದುಂಡು ಮುಖಕ್ಕೆ ಮಾದು ಇಷ್ಟಗಲ ಕುಂಕುಮ ಬಳಿದಿದ್ದಾನೆ, ಕೈಗೆ ಅಕ್ಷತೆ ಬಂತು, ಉದ್ಧರಣೆಯ ನೀರು ಬಂತು, ಗೋತ್ರ ಗೊತ್ತಿಲ್ಲದಿದ್ರೆ ಶಿವಗೋತ್ರ ಅಂತ ಹೇಳ್ಕೋತೀನಿ, ಯಜಮಾನರ ಹೆಸರು ಹೇಳಿ. ಯಜಮಾನರ ಹೆಸರು. ಹೇಳೇ, ನಾಚ್ಕತಾಳೆ ನೋಡು ಈ ವಯಸ್ನಲ್ಲಿ, ಮಂಗಳಮ್ಮ ಭುಜ ತಿವಿದಳು, ಸಿಂಧು ಮೊಬೈಲು ಹಿಡಿದು ವಿಡಿಯೋ ಮಾಡುತ್ತಾ ನಗುತ್ತಿದ್ದಾಳೆ, ಈಗ ಹೇಳಿಬಿಡಬೇಕು, ಸ್ವಾಮಿ ಅವರು ತೀರ್ಕೊಂಡ್ರು ಎಂದು, ಹೇಳಿದೆ ಅಂದುಕೊಂಡಳು, ಯಾರ ಮುಖವೂ ಬದಲಾಗಲಿಲ್ಲ, ಹೇಳಿಲ್ಲ ಹಾಗಾದರೆ, ಅಷ್ಟರಲ್ಲಿ ಮಾದು, ಅವ್ಳು ಏಳಲ್ಲ ಬುಡಿ ಸ್ವಾಮಿ, ನಾನೇ ಏಳ್ತೀನಿ, ದೊಡ್ಡಸ್ವಾಮಿ ಅಂತ, ನಮ್ ಜೊತೆ ಗಿರಣೀಲಿ ಇದ್ದೋನು. ಭಟ್ಟರು ಕಣ್ಣು ಮುಚ್ಚಿ ಶುರುಮಾಡಿದರು, ಸಂಸ್ಕೃತದ ನಡುವೆ ಆ ಹೆಸರು, ದೊಡ್ಡಸ್ವಾಮಿ, ಧರ್ಮಪತ್ನಿ, ಸಹಕುಟುಂಬ, ಆಮೇಲೆ ಕ್ಷೇಮ, ಸ್ಥೈರ್ಯ, ಆಯುಷ್ಯ, ಆರೋಗ್ಯ — ಆಯುಷ್ಯ ಎಂದರೆ ತನಗೂ ಗೊತ್ತು, ಆ ಮನುಷ್ಯನಿಗೆ ಆಯುಷ್ಯ ಕೇಳುತ್ತಿದ್ದಾರೆ, ಅಲ್ಲಿ ನೆಲದ ಮೇಲೆ ಮಲಗಿರುವವನಿಗೆ, ತನ್ನ ಕೈಯ ಅಕ್ಷತೆಯ ಮೂಲಕ, ಬೆರಳ ಸಂದಿಯಿಂದ ಅಕ್ಕಿ ಉದುರುತ್ತಿದೆ, ಹಿಡಿದಷ್ಟೂ ಉದುರುತ್ತಿದೆ. ಆಯ್ತು ತಾಯಿ, ಇನ್ನು ಅಗ್ನಿ. ಡೀಸೆಲಿನಲ್ಲಿ ನೆನೆಸಿದ ಹಳೇ ಬಟ್ಟೆಯ ಉಂಡೆ ಸಲಿಕೆಯ ಮೇಲೆ, ಅದರ ನೆತ್ತಿಗೆ ಕರ್ಪೂರ, ಕಡ್ಡಿ ಗೀರಿದರು, ಹತ್ತಿತು, ಮೊದಲು ನೀಲಿ, ಆಮೇಲೆ ಹಳದಿ, ಆಮೇಲೆ ಕಪ್ಪು ಹೊಗೆಯ ಬಾಲ, ಸಲಿಕೆ ತನ್ನ ಬಲಗೈಗೆ ಬಂತು, ಮಾದು ಒಲೆಯ ಬಾಗಿಲು ತೆಗೆದ. ಉರಿ ಇಷ್ಟು ಹೊತ್ತು ನೆಟ್ಟಗೆ ನಿಂತಿತ್ತು, ಬಾಗಿಲು ತೆರೆದ ಕೂಡಲೇ ಒಳಕ್ಕೆ ವಾಲಿತು, ಚಿಮಣಿ ಗಾಳಿ ಎಳೆಯುತ್ತಿದೆ, ಈ ಸತ್ತ ಕಬ್ಬಿಣ ಆಗಲೇ ಉಸಿರು ಎಳೆಯುತ್ತಿದೆ. ಸೊಂಟದಲ್ಲಿ ಫೋನು ಬಡಿದುಕೊಂಡಿತು.

ಆಮೇಲೆ ತೆಗೀರಿ ಅಕ್ಕ ಅಂದಳು ಸಿಂಧು. ಆಮೇಲೆ ಅಂತ ಒಂದು ಸಲ ಅಂದಾಗಿದೆ. ಎಡಗೈಯಲ್ಲಿ ಫೋನು ತೆಗೆದು ಕಿವಿಗೆ ಇಟ್ಟಳು, ಉರಿ ಬಲಗೈಯಲ್ಲಿ, ಅಕ್ಕ, ಇವರೆಲ್ಲ ಎತ್ತಬೇಕು ಅಂತಿದಾರೆ, ಹೊತ್ತಾಯ್ತು ಅಂತಿದಾರೆ, ನಾನು ಏನು ಹೇಳ್ಲಿ, ರಾಣಿಯ ಗಂಟಲು ಕಟ್ಟಿದೆ, ಅತ್ತು ಅತ್ತು ಕಟ್ಟಿದ್ದು, ಇವಳು ಅತ್ತಿದ್ದಾಳೆ, ಯಾರೋ ಒಬ್ಬರಾದರೂ ಅತ್ತರಲ್ಲ, ಆಗ ಯಾವ ಯೋಚನೆಯೂ ಇಲ್ಲದೆ ಮಾತು ಬಂತು, ಸುಡ್ಬೇಡ ಕನವ್ವ, ನಮ್ಮಲ್ಲಿ ಸುಡಾಕಿಲ್ಲ, ಮಣ್ಣು ಮಾಡದು, ಯಾರು ಬೈದ್ರೂ ಸಂಜೆಗಂಟ ಇಟ್ಕೊ, ಅವ್ರವ್ವನ್ನ ಕರ್ಕೊಂಡು ಬತ್ತೀನಿ, ಎತ್ತೋಳು ಒಂದು ಇಡಿ ಮಣ್ಣಾದ್ರೂ ಆಕ್ಲಿ, ಇಲ್ಲೊಂದು ಒಲೆ ಅಚ್ಚದು ಅದೆ, ಅಚ್ಬುಟ್ಟು ಒರಡ್ತೀನಿ. ಅಕ್ಕ ಅಂತ ಅತ್ತ ಕಡೆ ಏನೋ ಶುರುವಾಯಿತು, ನಿಂತಿತು. ಫೋನನ್ನು ಸೊಂಟದ ಚೀಲಕ್ಕೆ ಸೇರಿಸಿದಳು. ಯಾರು ತೀರ್ಕೊಂಡಿದ್ದು ಅಂತ ಮಾದು ಕೇಳಿದ, ನಿಮ್ ಸ್ನೇಹಿತ್ರೇ ಕನಣ್ಣ ಅಂದಳು, ಅವನು ತಲೆಗೆ ಕಟ್ಟಿದ ಟವಲು ಬಿಚ್ಚಿ ಹಿಡಿದುಕೊಂಡ. ಅಯ್ಯೋ ತಾಯಿ, ಇಂಗಾಗಿ ಊವ ಮುಡ್ಕೊಂಡು ನಿಂತಿದ್ದೀಯಲ್ಲೇ, ಮಂಗಳಮ್ಮ ಬಾಯಿಗೆ ಸೆರಗು ಒತ್ತಿದಳು, ಭಟ್ಟರ ಪಂಚಪಾತ್ರೆ ಕೈಯಲ್ಲೇ ಉಳಿಯಿತು, ನಿನಗೆ ಯಾವಾಗ ತಿಳೀತು ತಾಯಿ, ಈಗಲಾ, ಕಿವಿಗೆ ಬಿದ್ದ ಮೇಲೇ ಸೂತಕ, ಈಗ ಬಿದ್ದಿದ್ದಾದರೆ ಸಂಕಲ್ಪ ಅದಕ್ಕೆ ಮುಂಚೆ ಆಗಿದೆ, ಅವರು ಪಾಪ ಅವಳಿಗೊಂದು ದಾರಿ ಮಾಡಿಕೊಡುತ್ತಿದ್ದರು, ಹೌದು ಅಂದರೆ ಮುಗಿಯಿತು. ಬೆಳಿಗ್ಗೆ, ನೀರು ತುಂಬ್ತಿದ್ದಾಗ ಅಂದಳು. ಎಲ್ಲರ ಕಣ್ಣೂ ಇಂಜಿನ್ನಿನ ತೊಟ್ಟಿಯ ಕಡೆ ಹೋಯಿತು, ನೀರನ್ನು ಈಗ ಯಾರು ತೆಗೆಯುತ್ತಾರೆ, ಆಗಲೇ ಬೆರೆತುಹೋಗಿದೆ.

ಕೊಡಿ ಅಕ್ಕ, ಸಿಂಧು ಮೊಬೈಲು ಜೇಬಿಗೆ ಹಾಕಿ ಹತ್ತಿರ ಬಂದಳು, ಕಣ್ಣು ತುಂಬಿದೆ, ಇದೆಲ್ಲ ಮುಖ್ಯ ಅಲ್ಲ, ನಾವು ನೋಡ್ಕೋತೀವಿ, ಡ್ರೈವರ್ ಹತ್ರ ಹೇಳ್ತೀನಿ, ನನ್ನ ಕಾರಲ್ಲೇ ಹೋಗಿ, ಕೊಡಿ — ಎಷ್ಟು ಮೆತ್ತಗೆ ಕೈ ಚಾಚಿದ್ದಾಳೆ, ಇವಳಿಗೆ ಮೈಲಿಗೆ ಗೊತ್ತಿಲ್ಲ, ಸೂತಕ ಗೊತ್ತಿಲ್ಲ, ಬರೀ ಕನಿಕರ, ಬೈದಿದ್ದರೆ ಎದುರು ನಿಲ್ಲಬಹುದಿತ್ತು, ಕನಿಕರಕ್ಕೆ ಎದುರು ನಿಲ್ಲುವುದು ಹೇಗೆ, ಇದೆಲ್ಲ ಮುಖ್ಯ ಅಲ್ಲ ಅಂದಳಲ್ಲ, ಯಾವುದು ಮುಖ್ಯ ಅಲ್ಲ, ಒಳಗೆ ಮಂಡಿ ಮಡಚಿ ಕೂತ ಮಳೆಗಾಲವೇ, ಕೈಯ ಚರ್ಮ ಸುಲಿದದ್ದೇ, ಕೊಟ್ಟುಬಿಡಲೇ, ಕೊಟ್ಟರೆ ಕೈ ಖಾಲಿಯಾಗುತ್ತದೆ, ಖಾಲಿ ಕೈಯಲ್ಲಿ ಅಷ್ಟು ದೂರ ಹೋಗಿ ಅತ್ತೆಯ ಮುಖ ಹೇಗೆ ನೋಡುವುದು, ಅವರ ಮುಖ ಹೇಗೆ ನೋಡುವುದು, ಮುಖ ಹೇಗಾಗಿದೆಯೋ, ನೆನಪಿಗೂ ಬರುತ್ತಿಲ್ಲ, ಮೀಸೆ ಬರುತ್ತದೆ, ಬೀಡಿ ಬರುತ್ತದೆ, ಮುಖ ಬರುವುದಿಲ್ಲ, ಬಟ್ಟೆಯಿಂದ ಉರಿಯುವ ಒಂದು ಹನಿ ಕಳಚಿ ಪಾದದ ಪಕ್ಕ ಬಿತ್ತು, ಮಾದು ಕಾಲಿನಲ್ಲಿ ಹೊಸಕಿದ, ಮಾತಾಡದೆ ಒಲೆಯ ಬಾಗಿಲನ್ನು ಇನ್ನಷ್ಟು ಹಿಂದಕ್ಕೆ ಎಳೆದು ಹಿಡಿದ, ಉರಿ ಒಳಕ್ಕೆ ವಾಲಿತು, ಇಲ್ಲ ಮೇಡಮ್ಮು, ಕೊಡಲ್ಲ ಅಂದಳೇ, ಅಂದಳು, ಈ ಸಲ ಸಿಂಧುವಿನ ಮುಖ ಬದಲಾಯಿತು, ಚಾಚಿದ ಕೈ ಹಿಂದೆ ಹೋಯಿತು, ಸಲಿಕೆಯ ಹಿಡಿ ಬಿಸಿಯಾಗುತ್ತಿದೆ, ಮುಂದಕ್ಕೆ ನೀಡಿದಳು, ದುಂಡು ಬಾಯಿಯ ಅಂಚು ದಾಟಿತು, ಒಳಗೆ ಕತ್ತಲು, ಕತ್ತಲಿನಲ್ಲಿ ಒಟ್ಟಿದ ಸೌದೆ, ಅವರ ಹೆಸರು ಯಾವ ಕಡೆ ಮುಖ ಮಾಡಿ ಕೂಗಿದ್ದೆ ಅಂತ ಗೊತ್ತಾಗುತ್ತಿಲ್ಲ, ಉರಿ ಮಾತ್ರ ವಾಲುತ್ತದೆ, ತನ್ನ ಕಡೆಗಲ್ಲ, ಭಟ್ಟರ ಕಡೆಗಲ್ಲ, ಯಾರೂ ಊದದೆ, ಯಾರೂ ಹೇಳದೆ, ಒಳಕ್ಕೆ, ಉರಿ ಒಳಕ್ಕೆ ವಾಲುತ್ತದೆ, ಒಳಕ್ಕೆ